ಒಳಗಿನಿಂದ ಹಾಕಿದ ಕೀಲಿ

ಕಾಕೂ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಅವರ ಮಣ್ಣು ಮುಗಿದ ಮರುದಿನ. ಬನಹಟ್ಟಿಯಲ್ಲಿ ನಾನು ಮೊದಲು ಬಾಡಿಗೆಗಿದ್ದ ಮನೆಯ ಒಡತಿ ಫೋನು ಮಾಡಿದ್ದರು. ಮಗಳ ಪರೀಕ್ಷೆ, ನಳದ ನೀರು, ತಮ್ಮ ಸೊಂಟದ ನೋವು ಎಲ್ಲ ಹೇಳಿಕೊಂಡು, ಇನ್ನೇನು ಫೋನು ಇಡಬೇಕು ಅನ್ನುವಾಗ, "ಅಂದಂಗ, ನಿಮ್ಮ ಕಾಕೂ ಹೋದ್ರಂತ ನೋಡ್ರಿ, ಲೋಕಾಪುರದಾಗ" ಎಂದರು. ‘ನಿಮ್ಮ ಕಾಕೂ’ ಎಂದ ರೀತಿ ಚುಚ್ಚಿತು. ಒಂದು ಕಾಲಕ್ಕೆ ಅವರು ಆ ಓಣಿಯವರಿಗೆಲ್ಲ ಕಾಕೂ, ಅಂದರೆ ಚಿಕ್ಕಮ್ಮ, ಆಗಿದ್ದವರು. ಆಮೇಲೆ ನನ್ನೊಬ್ಬಳಿಗೆ ಉಳಿದರು.

ಅವರ ಹೆಸರು ನನಗೆ ಗೊತ್ತಾದದ್ದೇ ಪೊಲೀಸ್ ಠಾಣೆಯಲ್ಲಿ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಒಂದು ಹೆಸರು ಬರೆದರೆ ಅಡ್ಡಹೆಸರು ತಿಳಿಯುತ್ತದೆ, ಅಡ್ಡಹೆಸರಿನಿಂದ ಮನೆತನ, ಮನೆತನದಿಂದ ಮಗ.

ಎತ್ತರದ ಹೆಂಗಸು. ಅರವತ್ತರ ಹತ್ತಿರ ಇರಬೇಕು. ಇಳಕಲ್ ಸೀರೆಯ ಸೆರಗು ತಲೆಯ ಮೇಲಿಂದ ಎಂದೂ ಜಾರುತ್ತಿರಲಿಲ್ಲ. ದನಿ ಮಾತ್ರ ಬಸ್ಸಿನ ಕಂಡಕ್ಟರನದು. ಓಣಿಯ ಆ ತುದಿಯಲ್ಲಿ ಕೂಗಿದರೆ ಈ ತುದಿಯವರು ತಿರುಗಿ ನೋಡಬೇಕು. ಸಂಜೆಯಾಗುತ್ತಲೇ ಮನೆಯ ಗೇಟಿಗೆ ಒಳಗಿನಿಂದ ಕೀಲಿ ಜಡಿದು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೇಟಿಗೆ ಆತು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮಡಿಲಲ್ಲಿ ಮೊರ, ಮೊರದಲ್ಲಿ ಜೋಳವೋ ಶೇಂಗಾವೋ. ಕೈ ಹಸನು ಮಾಡುತ್ತಲೇ ಇರುತ್ತಿತ್ತು, ಕಣ್ಣು ಮಾತ್ರ ಒಮ್ಮೆಯೂ ಮೊರದ ಕಡೆಗೆ ಹೋಗುತ್ತಿರಲಿಲ್ಲ. ರಸ್ತೆಯನ್ನು ನೋಡುವರು, ನಡುನಡುವೆ ಹಿಂದಕ್ಕೆ ತಿರುಗಿ ಮನೆಯನ್ನು ನೋಡುವರು. ಅವರು ಹಿಂದಕ್ಕೆ ತಿರುಗುವುದನ್ನು ನಾನು ಬಹಳ ದಿನ ಗಮನಿಸಲೇ ಇಲ್ಲ.

ನಾನು ಬೀಳಗಿಯವಳು. ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿ ಬನಹಟ್ಟಿಯ ಒಂದು ರಕ್ತ ತಪಾಸಣೆ ಲ್ಯಾಬಿಗೆ ಕೆಲಸಕ್ಕೆ ಸೇರಿದ್ದೆ. ಡಾಕ್ಟರ್‌ಗಳ ದವಾಖಾನೆ ತುಂಬುವುದು ಸಂಜೆಗೆ. ಹಾಗಾಗಿ ನಮ್ಮ ಲ್ಯಾಬು ಮುಚ್ಚುವಾಗ ರಾತ್ರಿಯ ಊಟದ ಹೊತ್ತು ಮೀರಿರುತ್ತಿತ್ತು. ಊರ ಹೊರಗಿನ ಹೊಸ ಬಡಾವಣೆಯಲ್ಲಿ ಒಂದು ಮನೆಯ ಮಹಡಿ ಬಾಡಿಗೆಗೆ ಸಿಕ್ಕಿತ್ತು. ದೊಡ್ಡ ರಸ್ತೆಯಿಂದ ಇಳಿದರೆ ಮೊದಲು ಮಗ್ಗದ ಶೆಡ್ಡುಗಳ ಓಣಿ. ಅದು ಮುಗಿದ ಮೇಲೆ ಒಂದು ಬದಿಗೆ ಆಳೆತ್ತರದ ಕಬ್ಬು, ಇನ್ನೊಂದು ಬದಿಗೆ ಜಾಲಿ ಬೆಳೆದ ಖಾಲಿ ಸೈಟುಗಳು. ಅದನ್ನು ದಾಟಿದರೆ ನಮ್ಮ ಓಣಿ, ಮನೆಗಳು ಬೆರಳೆಣಿಕೆ. ವಿದ್ಯುತ್ ಕಂಬಗಳನ್ನು ಸಾಲಾಗಿ ನೆಟ್ಟಿದ್ದರು, ಬಲ್ಬು ಹಾಕುವುದು ಮರೆತಿದ್ದರು.

ನನ್ನ ಧೈರ್ಯವೆಲ್ಲ ಆ ಮಗ್ಗಗಳ ಸದ್ದಿನಲ್ಲಿತ್ತು. ಹಗಲೂ ರಾತ್ರಿಯೂ ಖಟಾಖಟ ಬಡಿದುಕೊಳ್ಳುವ ಆ ಸದ್ದು ಕಬ್ಬಿನ ಹೊಲ ದಾಟುವವರೆಗೂ ಬೆನ್ನ ಹಿಂದೆ ಬರುತ್ತಿತ್ತು. ಸದ್ದು ಇದೆ ಅಂದರೆ ಒಳಗೆ ಮಂದಿ ಇದ್ದಾರೆ, ಎಚ್ಚರ ಇದ್ದಾರೆ ಅಂದುಕೊಂಡು ಹೆಜ್ಜೆ ಹಾಕುತ್ತಿದ್ದೆ.

ಮೊದಲ ದಿನವೇ ಆ ಗೇಟಿನಿಂದ ಕೂಗು ಬಂತು.

"ಯಾವಾಕಿ ಅದು?"

ನಾನು ಬೆಚ್ಚಿ ನಿಂತೆ. "ನಾನ್ರಿ. ಎದರ ಮನಿಗೆ ಹೊಸದಾಗಿ ಬಾಡಿಗಿಗೆ ಬಂದೇನಿ."

"ಹೆಸರಿಲ್ಲೇನು ನಿನಗ?"

ಹೆಸರು ಹೇಳಿದೆ. ಯಾವ ಊರು, ಯಾರ ಮಗಳು, ಲಗ್ನ ಆಗಿದೆಯೋ ಇಲ್ಲವೋ, ದಿನಾ ಇಷ್ಟೇ ತಡವೋ, ಒಬ್ಬಳೇ ಬರುತ್ತೀಯೋ, ಎಲ್ಲ ಕೇಳಿದರು. ಕೇಳುವಾಗ ದನಿ ತಗ್ಗಿಸುವ ರೂಢಿಯೇ ಅವರಿಗಿರಲಿಲ್ಲ. ನನ್ನ ಹಣೆಬರಹವೆಲ್ಲ ಓಣಿಗೆ ಡಂಗುರವಾಯಿತು. ಸಿಟ್ಟಿನಿಂದ ಮಹಡಿ ಹತ್ತಿ ದೀಪ ಹಾಕಿ ಕಿಟಕಿಯಿಂದ ಇಣುಕಿದರೆ, ಅವರು ಇನ್ನೂ ನನ್ನ ಕಿಟಕಿಯನ್ನೇ ನೋಡುತ್ತಿದ್ದರು. ದೀಪ ಕಂಡ ಮೇಲೆ ಮುಖ ತಿರುಗಿಸಿದರು.

ದಿನವೂ ಹೀಗೇ. ಟ್ಯೂಷನ್ನಿನಿಂದ ಬರುವ ಹುಡುಗಿಯರು, ಜಮಖಂಡಿಯಿಂದ ಕಡೆಯ ಬಸ್ಸಿಗೆ ಬರುತ್ತಿದ್ದ ಒಬ್ಬ ಟೀಚರು, ನಾನು, ಎಲ್ಲರಿಗೂ ಅದೇ ಕೂಗು. ಗಂಡಸರನ್ನು ಕೇಳುತ್ತಿರಲಿಲ್ಲ. "ಹೆಣ್ಣಮಕ್ಕಳು ಹೊತ್ತಾಗಿ ಬಂದ್ರ ಆಕಿ ಕಣ್ಣಿಗೆ ಆಗಂಗಿಲ್ಲರಿ, ಹಳೆ ಕಾಲದ ಮಂದಿ" ಎಂದು ಮನೆಯ ಒಡತಿ ನಗುತ್ತಿದ್ದರು. ನಾನೂ ಹಾಗೇ ತಿಳಿದುಕೊಂಡೆ.

ಒಂದು ಸಲ ತಡೆಯಲಾರದೆ ಕೇಳಿದೆ, "ಕಾಕೂ, ಇಷ್ಟು ಲಗೂ ಯಾಕ ಕೀಲಿ ಹಾಕ್ತೀರಿ? ಇಲ್ಲಿ ಕಳ್ಳರ ಕಾಟ ಐತೇನು?"

ಅವರು ಜೋಳದಲ್ಲಿ ಕೈಯಾಡಿಸುತ್ತ, "ಕಳ್ಳರು ಹೊರಗಿನಿಂದ ಬಂದಿದ್ರ ಛಲೋನ ಆಗ್ತಿತ್ತು" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. "ಮಗ್ಗದ ಸಪ್ಪಳಾ ನಂಬಿ ನಡೀಬ್ಯಾಡ, ತಂಗಿ. ಅದರಾಗ ನೀ ಎಷ್ಟು ಚೀರಿದ್ರೂ ಯಾರಿಗೂ ಕೇಳಂಗಿಲ್ಲ" ಎಂದರು. ನನ್ನ ಧೈರ್ಯ ಎಲ್ಲಿದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಇವರಿಗೆ ಹೇಗೆ ಗೊತ್ತಾಯಿತೋ.

ಯಾರನ್ನೂ ಮನೆಯ ಒಳಗೆ ಕರೆಯುತ್ತಿರಲಿಲ್ಲ. ಹಬ್ಬಕ್ಕೆ ಹೋಳಿಗೆ, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಎಲ್ಲ ಗೇಟಿನ ಮೇಲಿಂದಲೇ ನನ್ನ ಕೈಗೆ ಬರುತ್ತಿತ್ತು. ಬಟ್ಟಲು ತಿರುಗಿ ಕೊಡಲು ಹೋದರೆ ಅಲ್ಲೇ ಇಸಿದುಕೊಂಡು, "ಹೋಗಿನ್ನ" ಎನ್ನುವರು. ಗಂಡ ನೂಲಿನ ವ್ಯಾಪಾರಿ, ಮಗ್ಗಗಳೂ ಇದ್ದವು. ಊರಲ್ಲಿ ಮಾತಿಗೆ ಬೆಲೆಯಿದ್ದವರು. ಮನೆಗೆ ಬಂದ ಮೇಲೆ ಟಿ.ವಿ. ಮುಂದೆ ಕೂತರೆ ಅವರ ದನಿಯೇ ಹೊರಗೆ ಕೇಳುತ್ತಿರಲಿಲ್ಲ. ಹಿಂದೆ ರಬಕವಿಯ ಹಳೆ ಪೇಟೆಯಲ್ಲಿ ದೊಡ್ಡ ಮನೆಯಿತ್ತಂತೆ. ಅದನ್ನು ಬಿಟ್ಟು ಈ ಜಾಲಿಯ ನಡುವೆ ಯಾಕೆ ಬಂದರೋ ಯಾರಿಗೂ ತಿಳಿಯದು.

ಮಗನೊಬ್ಬ ಇದ್ದ. ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಆ ಓಣಿಯಲ್ಲಿ ನನ್ನ ಜೊತೆ ನಗುನಗುತ್ತ ಮಾತಾಡಿದ ಮೊದಲನೆಯವನು ಅವನೇ. ಗ್ಯಾಸ್ ಸಿಲಿಂಡರನ್ನು ಮಹಡಿಗೆ ಹೊತ್ತು ಹಾಕಿದ. ಮನೆಯೊಡತಿಯ ಮಗಳ ಹುಟ್ಟುಹಬ್ಬದಲ್ಲಿ ಓಡಾಡಿ ಎಲ್ಲರಿಗೂ ಕೇಕು ಹಂಚಿದ. "ಅಕ್ಕಾರ, ಏನರ ಬೇಕಾದ್ರ ಸಂಕೋಚ ಮಾಡಬ್ಯಾಡ್ರಿ" ಎನ್ನುತ್ತಿದ್ದ. ಎಂಥ ಒರಟು ತಾಯಿಗೆ ಎಂಥ ಸಭ್ಯ ಮಗ ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಲ್ಯಾಬಿಗೆ ಹೊರಟಾಗ ಎದುರಾಗಿ, "ಅಕ್ಕಾರ, ನಾಯಿಗೆ ಹೆದರಿ ಶೆಡ್ಡಿನ ಹಿಂದಿನ ಓಣಿಲೆ ಬರಾಕತ್ತೀರಲ್ರಿ? ಅಲ್ಲಿ ಗಟಾರ ತೆರದೈತ್ರಿ, ನೋಡಿಕೊಂಡು ಬರ್ರಿ" ಎಂದ. ಒಳ್ಳೆಯ ಮಾತು. ಆದರೆ ನಾಯಿಗಳ ಕಾಟಕ್ಕೆ ಹಿಂದಿನ ಓಣಿಯಿಂದ ನಾನು ಬರಲು ಶುರು ಮಾಡಿದ್ದು ಎರಡು ರಾತ್ರಿಯಿಂದಷ್ಟೇ. ದಾರಿಯಲ್ಲಿ ನಾನು ಯಾರನ್ನೂ ಕಂಡಿರಲಿಲ್ಲ. ಯಾರೋ ನೋಡಿ ಹೇಳಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆಮೇಲೆ ಒಂದು ಮಧ್ಯಾಹ್ನ, ಲ್ಯಾಬಿಗೆ ರಜೆ. ನಾನು ಸಂತೆಯ ಚೀಲ ಹೊತ್ತು ಬರುತ್ತಿದ್ದೆ. ಅವನು ಬೈಕು ನಿಲ್ಲಿಸಿ, "ಹತ್ರಿ ಅಕ್ಕಾರ, ಮನಿಗೇ ಹೊಂಟೇನಿ" ಎಂದ. ಕೈ ನೋಯುತ್ತಿತ್ತು, ಹತ್ತಿದೆ. ಓಣಿಯ ಬಾಯಿಗೆ ಬರುವಷ್ಟರಲ್ಲಿ ಕಾಕೂ ರಸ್ತೆಯ ನಡುವೆ ಬಂದು ನಿಂತಿದ್ದರು. ಬೈಕು ನಿಂತಿತು.

"ಇಳಿ" ಎಂದರು. ಅವನಿಗಲ್ಲ, ನನಗೆ.

ಇಳಿದೆ.

"ದೇವರು ಕಾಲು ಕೊಟ್ಟಾನಿಲ್ಲ ನಿನಗ? ನಡಕೊಂತ ಬರಾಕ ಏನಾಗೇತಿ? ಇನ್ನೊಮ್ಮೆ ನನ್ನ ಮಗನ ಗಾಡಿ ಹತ್ತಿದ್ದು ಕಂಡ್ರ ನಿಮ್ಮ ಅಪ್ಪಗ ಫೋನ್ ಹಚ್ಚತೇನಿ, ನೋಡು."

ಓಣಿಯ ಬಾಗಿಲುಗಳಲ್ಲಿ ಮುಖಗಳು ಮೂಡಿದವು. ಅವನು ತಲೆ ತಗ್ಗಿಸಿ, "ಅವ್ವಾ, ಯಾಕ ಹಂಗ ಮಾತಾಡ್ತಿ" ಎಂದು ಮೆಲ್ಲಗೆ ಹೇಳಿ ಒಳಗೆ ಹೋದ. ಮನೆಯೊಡತಿ ನನ್ನ ಚೀಲ ಇಸಿದುಕೊಂಡು, "ಕನ್ಯಾ ನೋಡಾಕತ್ತಾರ್ರಿ ಅಂವಗ. ಎಲ್ಲಿ ನೀವು ಬಲೆ ಬೀಸ್ತೀರೋ ಅಂತ ಮುದಿಕಿಗೆ ಹೆದರಿಕಿ" ಎಂದು ಪಿಸುಗುಟ್ಟಿದರು.

ಅವತ್ತು ನಾನು ಅತ್ತೆ. ಮರುದಿನದಿಂದ ಕಾಕೂನ ಜೊತೆ ಮಾತು ಬಿಟ್ಟೆ. ಅವರ ಗೇಟಿನ ಮುಂದೆ ಹಾಯುವುದೇ ಬೇಡವೆಂದು, ಕಬ್ಬಿನ ಹೊಲದ ಅಂಚಿನ ಗಾಡಿದಾರಿಯಿಂದ ಬಳಸಿಕೊಂಡು ಮನೆಯ ಹಿಂಬಾಗಿಲಿಗೆ ಬರತೊಡಗಿದೆ. ನಾನು ಯಾವಾಗ ಬಂದೆ ಎಂದು ಅವರಿಗೆ ತಿಳಿಯಬಾರದು, ಅಷ್ಟೇ ನನ್ನ ಹಟ. ಒಂದೆರಡು ರಾತ್ರಿ ನಾನು ಮಲಗಿದ ಮೇಲೂ ಗೇಟಿನ ಕಡೆಯಿಂದ "ಎದರ ಮನಿ ಹುಡುಗಿ ಬಂದ್ಲೇನ್ರಿ?" ಎಂದು ಯಾರನ್ನೋ ಕೇಳುವ ದನಿ ಕೇಳಿಸಿತು. ಹೊದ್ದುಕೊಂಡು ತಿರುಗಿ ಮಲಗಿದೆ.

ಕಬ್ಬು ಕಟಾವಿಗೆ ಬಂದ ದಿನಗಳು. ಆ ರಾತ್ರಿಯೂ ಗಾಡಿದಾರಿಯಲ್ಲೇ ಬರುತ್ತಿದ್ದೆ. ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಕಬ್ಬಿನ ಒಣ ಸೋಗೆ ಕಾಲಡಿ ಸದ್ದು ಮಾಡುತ್ತಿತ್ತು. ನಾನು ನಿಂತಾಗ ಆ ಸದ್ದು ನನ್ನ ಜೊತೆಗೇ ನಿಲ್ಲಲಿಲ್ಲ. ಇನ್ನೊಂದು ಹೆಜ್ಜೆ ಮುಂದೆ ಬಂದು ನಿಂತಿತು. ತಿರುಗಿ ನೋಡಿದರೆ ಏನೂ ಕಾಣಲಿಲ್ಲ. ಫೋನಿನ ಬೆಳಕು ಹಾಕಲು ಚೀಲಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ನನ್ನ ಬಾಯಿ ಮುಚ್ಚಿತು, ಇನ್ನೊಂದು ನನ್ನ ರಟ್ಟೆ ಹಿಡಿದು ಕಬ್ಬಿನೊಳಗೆ ಎಳೆಯಿತು. ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದ. ಮಾತಾಡಲಿಲ್ಲ. ಅವನ ಉಸಿರಷ್ಟೇ ಕೇಳುತ್ತಿತ್ತು. ನಾನು ಅವನ ಕೈ ಕಚ್ಚಿದೆ, ಬಿಡಿಸಿಕೊಂಡು ಬಿದ್ದೆ, ಚೀರಿದೆ. ಮಗ್ಗದ ಸದ್ದು ನನ್ನ ಕೂಗನ್ನು ನುಂಗಿಹಾಕಿತು. ಕೂಗಿದ್ದು ನನಗೇ ಕೇಳಲಿಲ್ಲ.

ಆಗ ಕರೆಂಟು ಹೋಯಿತು.

ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಅಂಥ ಮೌನವನ್ನು ನಾನು ಬನಹಟ್ಟಿಯಲ್ಲಿ ಎಂದೂ ಕೇಳಿರಲಿಲ್ಲ. ಆ ಮೌನದಲ್ಲಿ ನನ್ನ ಮುಂದಿನ ಕೂಗು ಹೊಲದ ಆಚೆಗೂ ಹೋಯಿತು. ಅವನ ಕೈ ಒಂದು ಕ್ಷಣ ಸಡಿಲಾಯಿತು. ನಾನು ಮುಳ್ಳು, ಕೂಳೆ ನೋಡದೆ ಓಡಿದೆ. ಎದುರಿಗೆ ಬ್ಯಾಟರಿಯ ಬೆಳಕೊಂದು ಓಲಾಡುತ್ತ ಬರುತ್ತಿತ್ತು. ಬೆಳಕಿನ ಹಿಂದೆ ಆ ಕಂಡಕ್ಟರನ ದನಿ. ಒಂದು ಹೆಸರನ್ನು ಕೂಗುತ್ತಿತ್ತು.

ಅದು ನನ್ನ ಹೆಸರಲ್ಲ.

ಕಾಕೂ ನನ್ನನ್ನು ದಾಟಿ ಹೋಗಿ, ಕಬ್ಬಿಗೆ ಮುಖ ಮಾಡಿ ನಿಂತು, ಮಗನನ್ನು ಮನೆಯಲ್ಲಿ ಕರೆಯುವ ಹೆಸರು ಹಿಡಿದು ಕೂಗಿದರು. "ಹೊರಗ ಬಾ. ನೀ ಅದೀ ಅಂತ ನನಗ ಗೊತ್ತೈತಿ. ಬಾ ಹೊರಗ." ಕಬ್ಬಿನ ಸೋಗೆ ದೂರದೂರಕ್ಕೆ ಸರಸರ ಎನ್ನುತ್ತ ಹೋಯಿತು. ಆಮೇಲೆ ಅದೂ ನಿಂತಿತು.

ನನ್ನ ಕೋಣೆಯಲ್ಲಿ ಮೇಣದ ಬತ್ತಿ ಹಚ್ಚಿಕೊಂಡು ಕೂತೆವು. ಅವರು ನನ್ನ ಮೊಣಕಾಲಿನ ಗಾಯ ತೊಳೆದರು. ಅವರ ಕೈ ಕೆಂಡದಂತೆ ಸುಡುತ್ತಿತ್ತು; ಎರಡು ದಿನದಿಂದ ಜ್ವರವಂತೆ. ಮಧ್ಯಾಹ್ನದಿಂದ ಹಾಸಿಗೆ ಹಿಡಿದಿದ್ದರು. ಗಂಡ ಅವರ ಸೊಂಟದ ಕೀಲಿಕೈ ತೆಗೆದುಕೊಂಡು, "ಮಗಾ ಏನು ಕೈದಿ ಏನು?" ಎಂದು ಗೇಟು ತೆರೆದುಬಿಟ್ಟಿದ್ದರು. ಕರೆಂಟು ಹೋದಾಗ ಫ್ಯಾನು ನಿಂತು ಎಚ್ಚರವಾಗಿ, ನನ್ನ ಕೂಗು ಕೇಳಿ, ಮಗನ ಕೋಣೆ ಖಾಲಿ ಇದ್ದದ್ದು ಕಂಡು ಓಡಿ ಬಂದಿದ್ದರು.

"ನಾ ಕುಂಡ್ರೂದು ನಿಮ್ಮನ್ನ ಕಾಯಾಕ ಅಂತ ತಿಳದೀರೇನು ನೀವೆಲ್ಲಾ?" ಎಂದರು. "ಅವನ್ನ ಕಾಯಾಕ. ನೀವೆಲ್ಲಾ ಮನಿ ಮುಟ್ಟೂತನಕ ಅವ ಹೊರಗ ಹೋಗಬಾರದು. ಅಷ್ಟ ನನ್ನ ಕೆಲಸ."

ರಬಕವಿಯ ಹಳೆ ಮನೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ಒಬ್ಬ ಹುಡುಗಿ ಬರುತ್ತಿದ್ದಳಂತೆ. ಒಂದು ಸಂಜೆ ಅವಳು ಹರಿದ ಕುಪ್ಪಸದಲ್ಲಿ ಓಡಿಹೋದದ್ದನ್ನು ಕಾಕೂ ಕಂಡರು. ಮನೆಯ ಹಿರಿಯರು ಕೂತು, ಹುಡುಗಿಯ ಮನೆಯವರನ್ನು ಕರೆಸಿ, ಬಾಯಿ ಮುಚ್ಚಿಸಿದರು. ಹುಡುಗಿಯನ್ನು ಅವಸರದಲ್ಲಿ ಯಾರಿಗೋ ಕೊಟ್ಟು ಕಳಿಸಿದರು. ಆಮೇಲೆ ಇವರು ಮನೆ ಮಾರಿ ಇಲ್ಲಿಗೆ ಬಂದರು.

"ಅವತ್ತು ನಾನೂ ಬಾಯಿ ಮುಚ್ಚಿಕೊಂಡೆ, ತಂಗಿ. ಮಗಾ ಸುಧಾರಸ್ತಾನ ಅಂದ್ರು. ನಂಬಿದೆ. ಇಲ್ಲಿ ಬಂದ ಮ್ಯಾಲ, ಹೊತ್ತ ಮುಳಗಿದ ಮ್ಯಾಲ ಅಂವ ಮಾಳಿಗಿ ಕಿಟಕ್ಯಾಗ ನಿಂತು ನೀವು ಬರೂ ದಾರಿಯೆಲ್ಲಾ ನೋಡೂದು ಕಂಡೆ. ಆವಾಗ ಕೀಲಿ ತಂದೆ."

ನನಗೆ ಅವರ ಮೇಲೆ ಉರಿದುಹೋಯಿತು. "ನನಗ ಮದಲ ಯಾಕ ಹೇಳಲಿಲ್ಲ? ಗಾಡಿಯಿಂದ ಇಳಿಸಿದ ದಿನ ಒಂದ ಮಾತು ಹೇಳಿದ್ರ ಆಗ್ತಿತ್ತಲ್ಲ! ಎಲ್ಲಾರ ಮುಂದ ನನ್ನ ಮಾನಾ ತೆಗದ್ರಿ."

ಅವರು ಬಾಗಿದ ಬತ್ತಿಯನ್ನು ನೆಟ್ಟಗೆ ನಿಲ್ಲಿಸಿದರು. "ಹೆಂಗ ಹೇಳಲಿ? ಹೇಳಾಕ ಬಾಯಿ ತಗದ್ರ ಅವ ಸಣ್ಣಾವ ಇದ್ದಾಗಿನ ಮಾರಿ ಕಣ್ಣ ಮುಂದ ಬರ್ತಿತ್ತು" ಎಂದರು. ಅದು ನನ್ನ ಪ್ರಶ್ನೆಗೆ ಸಾಲುವ ಉತ್ತರವಾಗಿರಲಿಲ್ಲ. ಅವರಿಗೂ ಅದು ಗೊತ್ತಿತ್ತು.

ಬೆಳಗಾಗುವುದರೊಳಗೆ ನಾನು ಬಟ್ಟೆ ಕಟ್ಟಿದ್ದೆ. ಬೀಳಗಿಗೆ ಫೋನು ಮಾಡಿದಾಗ ಅಪ್ಪ ಅತ್ತು, "ಬಂದುಬಿಡವಾ. ಕೇಸು ಗೀಸು ಬ್ಯಾಡ, ನಾಳೆ ನಿನ್ನ ಲಗ್ನಾ ಆಗಬೇಕು" ಎಂದಿದ್ದರು. ಮೊದಲ ಬಸ್ಸಿಗೆ ಹೋಗುವುದೆಂದು ಬಾಗಿಲು ತೆರೆದರೆ, ಮೆಟ್ಟಿಲ ಮೇಲೆ ಕಾಕೂ. ಮಿಂದು, ಒಳ್ಳೆಯ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡಿದ್ದರು. ಜ್ವರಕ್ಕೆ ತುಟಿ ಒಡೆದಿತ್ತು. ಕೆಳಗೆ ಅವರ ಗಂಡ ನಿಂತಿದ್ದರು. ಅವರ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಅದೇ ಮೊದಲು: "ಮನಿತನದ ಮಾರಿಗೆ ಮಸಿ ಬಳೀಬ್ಯಾಡ. ಇವತ್ತು ಹೋದ್ರ ತಿರುಗಿ ಈ ಹೊಸ್ತಿಲಾ ತುಳೀಬ್ಯಾಡ."

ಕಾಕೂ ತಿರುಗಿ ನೋಡಲಿಲ್ಲ. "ನಡಿ, ಠಾಣೆಗೆ ಹೋಗೂಣು" ಎಂದರು ನನಗೆ.

"ನಾ ಊರಿಗೆ ಹೊಂಟೇನ್ರಿ. ನನಗೇನೂ ಬ್ಯಾಡ."

"ನೀ ಹೋಗ್ತಿ. ಬರೂ ತಿಂಗಳ ಈ ಖೋಲಿಗೆ ಮತ್ತೊಬ್ಬಾಕಿ ಬರ್ತಾಳ. ಆಕಿ ಯಾವ ಹೊತ್ತಿಗೆ ಬರ್ತಾಳ, ಯಾವ ದಾರಿ ಹಿಡೀತಾಳ ಅಂತ ಅಂವ ನೋಡಕೋತ ಕುಂಡ್ರತಾನ. ನನಗ ಇನ್ನ ಎಷ್ಟು ವರ್ಷ ಕೂಡಾಕ ಆಗ್ತೈತಿ ಹೇಳು?"

ನಾನು ಚೀಲ ಕೆಳಗಿಟ್ಟೆ. ಧೈರ್ಯದಿಂದ ಇಟ್ಟೆ ಎಂದರೆ ಸುಳ್ಳಾಗುತ್ತದೆ. ಅವರನ್ನು ದಾಟಿ ಆ ಮೆಟ್ಟಿಲು ಇಳಿಯಲು ನನ್ನಿಂದ ಆಗಲಿಲ್ಲ, ಅಷ್ಟೇ.

ಹಗಲು ಹೊತ್ತಿನಲ್ಲಿ ಓಣಿಯ ನಡುವೆ ನಡೆದುಹೋದೆವು. ಯಾರೂ ಮಾತಾಡಿಸಲಿಲ್ಲ. ಠಾಣೆಯಲ್ಲಿದ್ದ ಅಧಿಕಾರಿ ವಯಸ್ಸಾದವರು. ಎಲ್ಲ ಕೇಳಿಕೊಂಡು, ಪೆನ್ನು ಹಿಡಿದು, "ತಾಯೀ, ಮತ್ತೊಮ್ಮೆ ವಿಚಾರ ಮಾಡ್ರಿ. ನಿಮ್ಮ ಹೇಳಿಕಿ ಬರಕೊಂಡ್ರ ಅಳಸಾಕ ಬರಂಗಿಲ್ಲ. ಹಡದ ಮಗಾ" ಎಂದರು.

"ಹಡದಾಕಿ ನಾನ ಅಲ್ಲೇನ್ರಿ? ಅದಕ್ಕ ನಾನ ಬಂದೇನಿ" ಎಂದರು ಕಾಕೂ. "ಬರಕೋರಿ."

ಅವನನ್ನು ಅಂದೇ ಸಂಜೆ ಹಿಡಿದರು. ಕೈಯ ಮೇಲೆ ನನ್ನ ಹಲ್ಲಿನ ಗುರುತಿತ್ತು. ಕಾಕೂ ಆ ರಾತ್ರಿಯೇ ತಮ್ಮನ ಊರಾದ ಲೋಕಾಪುರಕ್ಕೆ ಹೋದರು. ಗಂಡ ಹೇಳಿದ ಮಾತು ಉಳಿಸಿಕೊಂಡರು. ಓಣಿಯ ಹೆಂಗಸರು, ಅವರ ಕೂಗಿಗೆ ಓಗೊಟ್ಟು ಮನೆ ಸೇರುತ್ತಿದ್ದ ಹುಡುಗಿಯರ ತಾಯಂದಿರು, "ಎಂಥಾ ತಾಯಿನೋ, ಹೊಟ್ಯಾಗ ಕರಳು ಇಲ್ಲ ಆಕಿಗೆ" ಎಂದು ನನ್ನೆದುರಿಗೇ ಮಾತಾಡಿದರು. ಕೆಲವು ವಾರಗಳಲ್ಲಿ ಅವನಿಗೆ ಜಾಮೀನಾಯಿತು. ಅವನು ಮನೆಗೆ ಬಂದ ದಿನ ಎದುರಿನ ಗೇಟು ಸಂಜೆಯಾದರೂ ತೆರೆದೇ ಇತ್ತು. ನಾನು ಕತ್ತಲಾಗುವುದರೊಳಗೆ ಗೆಳತಿಯೊಬ್ಬಳ ಮನೆ ಸೇರಿದೆ. ತಿಂಗಳು ಮುಗಿಯುವಷ್ಟರಲ್ಲಿ ಮುಧೋಳದಲ್ಲಿ ಬೇರೆ ಲ್ಯಾಬು ಹುಡುಕಿಕೊಂಡೆ.

ಕೇಸು ವರ್ಷಗಟ್ಟಲೆ ನಡೆಯಿತು. ಪ್ರತಿ ಸಲ ಕಾಕೂ ಲೋಕಾಪುರದಿಂದ ಬಸ್ಸಿಗೆ ಬರುತ್ತಿದ್ದರು. ಕೋರ್ಟಿನ ಹೊರಗೆ ಬೇವಿನ ನೆರಳಲ್ಲಿ ಇಬ್ಬರೂ ಕೂತು ಅವರು ತಂದ ರೊಟ್ಟಿ ತಿನ್ನುತ್ತಿದ್ದೆವು. ಮಾತು ಕಡಿಮೆ. ಒಮ್ಮೆ, ಆ ಕಂಡಿಕೆ ಸುತ್ತುತ್ತಿದ್ದ ಹುಡುಗಿಯ ತಾಯಿಯನ್ನು ಹುಡುಕಿಕೊಂಡು ರಬಕವಿಗೆ ಹೋಗಿದ್ದೆ ಎಂದರು.

"ಏನಂದ್ರು?" ಎಂದು ಕೇಳಿದೆ.

"ಬಾಗಲಾ ಹಾಕಿಕೊಂಡ್ಲು. ಹಾಕಿಕೊಳ್ಳಲಿ. ಆಕಿ ಹಾಕಿಕೊಳ್ಳಬೇಕಾದ್ದ" ಎಂದು ರೊಟ್ಟಿ ಮುರಿದರು.

ಅವರ ಸಾಕ್ಷಿಯ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮಗ ತಲೆ ಬಾಚಿ, ಬಿಳಿ ಅಂಗಿ ಹಾಕಿ, ಹುಟ್ಟುಹಬ್ಬದಲ್ಲಿ ಕೇಕು ಹಂಚಿದವನಂತೆಯೇ ನಿಂತಿದ್ದ. ಅವನ ಪರ ವಕೀಲರು, "ಮಗನ ಮ್ಯಾಲ ಮದಲಿಂದ ನಿಮಗ ದ್ವೇಷ ಐತಿ, ಹೌದಲ್ರಿ?" ಎಂದು ಕೇಳಿದರು.

"ಇಲ್ಲರಿ."

"ಮತ್ತ ಅವನ ವಿರುದ್ಧ ಯಾಕ ಹೇಳಾಕತ್ತೀರಿ?"

"ವಿರುದ್ಧ ಅಲ್ಲರಿ. ಕಂಡದ್ದು ಹೇಳಾಕತ್ತೇನಿ. ಹ್ವಾದ ಯುಗಾದಿಗೂ ಅಂವಗ ಹೋಳಿಗಿ ಮಾಡಿ ಕಳಿಸೇನಿ. ತಿಂದಾನೋ ಇಲ್ಲೋ ಅವನ್ನ ಕೇಳ್ರಿ."

ಮಗ ತಲೆ ಎತ್ತಿ ತಾಯಿಯನ್ನು ನೋಡಿದ. ಆ ನೋಟವನ್ನು ಕಂಡಾಗ, ಅವನಿಗೆ ಶಿಕ್ಷೆಯಾದರೂ ಇದು ಮುಗಿಯುವುದಿಲ್ಲ ಅನ್ನಿಸಿತು. ಶಿಕ್ಷೆಯಾಯಿತು. ತೀರ್ಪಿನ ದಿನ ಕಾಕೂ ಬರಲಿಲ್ಲ. ಆಮೇಲೆ ಅವರು ಹಾಸಿಗೆ ಹಿಡಿದರೆಂದು ಕೇಳಿದೆ. ನಾನು ಒಮ್ಮೆ ಹೋಗಿ ನೋಡಿಕೊಂಡು ಬಂದೆ. ನನ್ನ ಕೈ ಹಿಡಿದು, "ಅಂವ ಹೊರಗ ಬರೂತನಕ ನಾ ಇರಬೇಕವಾ" ಎಂದಿದ್ದರು. ಮಗನನ್ನು ಕಣ್ತುಂಬ ನೋಡುವ ಆಸೆಯಿಂದ ಹಾಗೆ ಹೇಳಿದರೋ, ಬೇರೆ ಯಾವುದರಿಂದಲೋ, ಕೇಳಲಿಲ್ಲ. ಅವನು ಶಿಕ್ಷೆ ಮುಗಿಸಿ ಹೊರಬಂದು ಕೆಲವು ತಿಂಗಳಾಗಿತ್ತು, ಅವರು ಹೋದಾಗ.

ಸುದ್ದಿ ತಿಳಿದ ದಿನವೇ ಮಧ್ಯಾಹ್ನದ ಬಸ್ಸಿಗೆ ಲೋಕಾಪುರಕ್ಕೆ ಹೋದೆ. ತಮ್ಮನ ಮನೆಯ ಮುಂದೆ ಗೋಣಿತಟ್ಟು ಹಾಸಿ ಗಂಡಸರು ಕೂತಿದ್ದರು. ಕಾಕೂ ಅವರ ಗಂಡ ಒಂದು ಮೂಲೆಯಲ್ಲಿ ಗೋಡೆಗೆ ಒರಗಿದ್ದರು, ಬಹಳ ಮುದುಕರಾಗಿದ್ದರು. ನಾನು ಒಳಗೆ ಹೋಗಿ ಹೆಂಗಸರ ಜೊತೆ ಕೂತು, ಅತ್ತು, ಹೊರಡಲು ಎದ್ದು ಬಂದೆ. ಬಾಗಿಲ ಹತ್ತಿರ ಯಾರೋ ಚಹಾದ ಲೋಟ ಮುಂದೆ ಹಿಡಿದರು.

"ತೊಗೋರಿ ಅಕ್ಕಾರ."

ಅವನೇ. ಸ್ವಲ್ಪ ದಪ್ಪಗಾಗಿದ್ದ. ಅದೇ ನಗು, ಅದೇ ಮೆಲುದನಿ. ನನ್ನ ಕೈ ಮೇಲೇಳಲಿಲ್ಲ.

"ಮುಧೋಳದಾಗ ಇರ್ತೀರಲ್ರಿ ಈಗ. ಛಲೋ ಆತು. ಆದ್ರ ನಿಮ್ಮ ಆ ಹೊಸಾ ಬಡಾವಣಿಯೊಳಗೂ ಲೈಟ್ ಇಲ್ಲಲ್ರಿ, ನೀರಿನ ಟಾಕಿ ದಾಟಿದ ಮ್ಯಾಲ" ಎಂದ. "ಹುಷಾರಲೆ ಹೋಗಿ ಬರ್ರಿ."

ಟಾಕಿಯ ಆಚೆಗೆ ನಾನು ಮನೆ ಬದಲಿಸಿದ್ದು ಹಿಂದಿನ ತಿಂಗಳು. ಲೋಕಾಪುರದಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೂ ಒಂದು ಮರವೂ, ಒಂದು ಊರೂ ನನ್ನ ಕಣ್ಣಿಗೆ ಬೀಳಲಿಲ್ಲ. ಮುಧೋಳದಲ್ಲಿ ಇಳಿದವಳೇ ಠಾಣೆಗೆ ಹೋಗಿ, ಅವನು ಹೇಳಿದ ಮಾತನ್ನು ಹೇಳಿ ಬರೆಸಿದೆ. ಆಮೇಲೆ ಮನೆಗೆ ಹೋಗದೆ, ಹೊತ್ತು ಮುಳುಗುವ ಮುನ್ನ, ನಮ್ಮ ಹೊಸ ಓಣಿಯ ಒಂದೊಂದೇ ಮನೆಯ ಬಾಗಿಲು ಬಡಿದೆ. ಹೆಚ್ಚಿನವರ ಪರಿಚಯವೂ ನನಗೆ ಇನ್ನೂ ಆಗಿರಲಿಲ್ಲ. ಹಳೆಯ ಹುಟ್ಟುಹಬ್ಬದ ಒಂದು ಫೋಟೊ ನನ್ನ ಫೋನಿನಲ್ಲಿತ್ತು. ಅದರಲ್ಲಿ ಅವನ ಮುಖ ದೊಡ್ಡದು ಮಾಡಿ ತೋರಿಸಿದೆ. ಹೆಸರು ಹೇಳಿದೆ. ಏನು ಮಾಡಿದ್ದ ಎಂದೂ, ಯಾರಿಗೆ ಮಾಡಿದ್ದ ಎಂದೂ ಹೇಳಿದೆ. ದನಿ ತಗ್ಗಿಸಲಿಲ್ಲ. ಕೆಲವರು ಮುಖ ತಿರುಗಿಸಿದರು, ಒಬ್ಬರು ಒಳಗಿನಿಂದ ಮಗಳನ್ನು ಕರೆದು ಫೋಟೊ ತೋರಿಸಿದರು.

ಕಡೆಯ ಮನೆಯಲ್ಲಿ ನನ್ನ ವಾರಿಗೆಯ ಹೆಂಗಸೊಬ್ಬಳು ಫೋನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

"ನೋಡಾಕ ಛಲೋ ಮನಿತನದಾವರ ಹಂಗ ಕಾಣ್ತಾನಲ್ರಿ. ನಿಮಗ ಏನಾಗಬೇಕು ಇವಾ?"

"ನನಗ ಭಾಳ ಬೇಕಾದಾಕಿ ಮಗ ರೀ" ಎಂದೆ.